ತಿದ್ದಿದ ಲೇಖನಕ್ಕೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಜಾಲತಾಣದಲ್ಲಿ ಕನ್ನಡದಲ್ಲಿ ಬರೆದು ಗೂಗಲ್ ಆಡ್‌ಸೆನ್ಸ್ ಜಾಹೀರಾತಿನಿಂದ ನಾಲ್ಕು ಕಾಸು ನೋಡುವವರು ಕಾಸರಗೋಡಿನಂಥ ಗಡಿನಾಡಿನಲ್ಲೂ ಇದ್ದಾರೆ. ಆಡ್‌ಸೆನ್ಸ್ ನಿಯಮಕ್ಕೆ ತಕ್ಕಂತೆ ಲೇಖನ ತಿದ್ದಿದ ಮೇಲೆ ‘ಗಳಿಕೆ ಬಿತ್ತು’ ಎಂಬ ದೂರು ಸಾಮಾನ್ಯ. ಬಿದ್ದದ್ದು ಗಳಿಕೆಯೋ ಓದುಗರ ಸಂಖ್ಯೆಯೋ ಎಂದು ನೋಡುವವರು ಕಡಿಮೆ.

ಒಂದು ಹಾಳೆಯಲ್ಲಿ ತಿದ್ದಿದ ದಿನಾಂಕ, ತಿದ್ದಿದ್ದು ಏನು, ಪುಟವೀಕ್ಷಣೆ, ಗಳಿಕೆ ಬರೆದಿಡಿ. ಗಳಿಕೆಯನ್ನು ವೀಕ್ಷಣೆಯಿಂದ ಭಾಗಿಸಿ 1000ದಿಂದ ಗುಣಿಸಿ. 4,200 ವೀಕ್ಷಣೆಗೆ 1.26 ಡಾಲರ್ ಬಂದಿದ್ದರೆ ಸಾವಿರಕ್ಕೆ 30 ಸೆಂಟ್. ತಿದ್ದುವ ಮೊದಲಿನ 28 ದಿನ, ನಂತರದ 28 ದಿನ ಹೋಲಿಸಿ. ಆಗ ವಾರದ ದಿನಗಳು ಸರಿಹೊಂದುತ್ತವೆ. ದೀಪಾವಳಿಯ ವಾರವನ್ನು ಜನವರಿಯ ಜೊತೆ ತೂಗಿದರೆ ಲೆಕ್ಕ ಕೆಟ್ಟಿತು. ಶೀರ್ಷಿಕೆ, ಚಿತ್ರ, ಜಾಹೀರಾತಿನ ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ದಿನದಿನ ಕಾಣುವುದು ಅಂದಾಜು ಗಳಿಕೆ ಮಾತ್ರ. ಅನುಚಿತ ಕ್ಲಿಕ್ಕುಗಳ ಪಾಲು ಕಳೆದು ತಿಂಗಳ ಮೊತ್ತ ಅಂತಿಮವಾಗುವುದು ಮುಂದಿನ ತಿಂಗಳ ಆರಂಭದಲ್ಲಿ. ನಮಗೆ ಬರಬೇಕಾದ ಬಾಕಿ 100 ಡಾಲರ್ ದಾಟಿದ್ದರೆ ಆ ತಿಂಗಳ 21ರಿಂದ 26ರೊಳಗೆ ಪಾವತಿ ಹೊರಡುತ್ತದೆ.

ಇನ್ನೊಂದು ತೊಡಕು ನಮ್ಮ ಕಡೆಯದು. ಬಾಕಿ 10 ಡಾಲರ್ ಮುಟ್ಟಿದಾಗ ವಿಳಾಸ ಪರಿಶೀಲನೆಯ ಗುಪ್ತ ಸಂಖ್ಯೆ (ಪಿನ್) ಗೂಗಲ್‌ನಿಂದ ಸಾದಾ ಅಂಚೆಯಲ್ಲಿ ಬರುತ್ತದೆ. ಊರಿನ ಹೆಸರನ್ನು ಕನ್ನಡದ ಉಚ್ಚಾರದಂತೆ ಒಮ್ಮೆ, ಮಲಯಾಳದಂತೆ ಇನ್ನೊಮ್ಮೆ ಬರೆಯಬೇಡಿ. ಅಂಚೆಯಣ್ಣ ಬಳಸುವ ಕಾಗುಣಿತ, ಮನೆ ನಂಬರು, 671121ರಂತಹ ಸರಿಯಾದ ಪಿನ್‌ಕೋಡ್ ಇರಲಿ. ನಾಲ್ಕು ತಿಂಗಳೊಳಗೆ ಅಂಚೆಯಲ್ಲಿ ಬಂದ ಆ ಗುಪ್ತ ಸಂಖ್ಯೆಯನ್ನು ಆಡ್‌ಸೆನ್ಸ್ ಖಾತೆಯಲ್ಲಿ ತುಂಬದಿದ್ದರೆ ಜಾಹೀರಾತೇ ನಿಲ್ಲುತ್ತದೆ. ಆಗ ಲೇಖನವನ್ನು ಮತ್ತೆ ತಿದ್ದುತ್ತಾ ಕೂತು ಫಲವಿಲ್ಲ.

— ಕನ್ನಡ ಬರಹಗಾರರು, ಕಾಸರಗೋಡು