ಎರಡನೇ ಹಂತಕ್ಕೆ ಮುನ್ನ ಗಿರಣಿಗೆ ಜಾಗ ಕೊಡಿ

ನಮ್ಮ ವಾರ್ಡಿನ ಮಾನ್ಯ ಪಾಲಿಕೆ ಸದಸ್ಯರಿಗೆ ನಮಸ್ಕಾರಗಳು.

ಬಳ್ಳಾರಿ ಕೋಟೆಯ ಬುಡದ ನಮ್ಮ ಹಳೆಯ ಪೇಟೆಯಲ್ಲಿ ಅರ್ಧ ಮಾರುಕಟ್ಟೆಯನ್ನು ಕೆಡವಿ, ಕೆಳಗೆ ಮಳಿಗೆ, ಮೇಲೆ ಮನೆಗಳಿರುವ ಸಂಕೀರ್ಣ ಎದ್ದಿದೆ. ಬೇಕಾದದ್ದೆಲ್ಲ ಮನೆ ಬಾಗಿಲಲ್ಲೇ ಸಿಗುತ್ತದೆ ಎಂದು ಭೂಮಿಪೂಜೆಯ ದಿನ ನೀವೇ ಹೇಳಿದಿರಿ. ಈಗ ಅಲ್ಲಿರುವುದು ಚಿನ್ನದ ಅಂಗಡಿ, ಮೊಬೈಲ್ ಮಳಿಗೆ, ಜಿಮ್. ಹಿಟ್ಟಿನ ಗಿರಣಿ ಹೋಯಿತು, ನ್ಯಾಯಬೆಲೆ ಅಂಗಡಿ ದೂರವಾಯಿತು, ಕಾಯಿಪಲ್ಯೆ ಮಾರುವ ಹೆಂಗಸರು ದಿಕ್ಕಿಗೊಬ್ಬರಾದರು. ಗಿರಣಿಗೆ ಜಾಗ ಕೊಡಿ ಎಂದು ಅಂದಿನಿಂದಲೂ ಕೇಳುತ್ತಿದ್ದೇವೆ.

ರೊಟ್ಟಿ ಉಣ್ಣುವ ಮನೆಯಲ್ಲಿ ಜೋಳವನ್ನು ತಿಂಗಳಿಗೊಮ್ಮೆ ಬೀಸಿಸಿ ಇಡಲು ಬರುವುದಿಲ್ಲ. ಹಳತಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಬಿಸಿನೀರು ಹಾಕಿ ಎಷ್ಟು ನಾದಿದರೂ ತಟ್ಟುವಾಗ ಅಂಚು ಸೀಳುತ್ತದೆ. ವಾರ ವಾರ ಬೀಸಿಸಲೇಬೇಕು. ಈಗ ಬೀಸುವ ಕೂಲಿಗಿಂತ ಆಟೋ ಬಾಡಿಗೆಯೇ ಹೆಚ್ಚು.

ಕಳೆದ ಏಪ್ರಿಲ್‌ನಲ್ಲಿ ಆಟೋ ಸಿಗದೆ ನಮ್ಮ ಅತ್ತೆಯವರು ಹಿಟ್ಟಿನ ಡಬ್ಬಿ ಹೊತ್ತು ನಡೆದೇ ಬಂದರು. 40 ಡಿಗ್ರಿ ದಾಟುವ ನಮ್ಮೂರ ಬಿಸಿಲನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ನೆರಳಿಗೆಂದು ಆ ಕಟ್ಟಡದ ಮೆಟ್ಟಿಲ ಮೇಲೆ ಕುಳಿತರು. ಕಾವಲುಗಾರ ಬಂದು, 'ಗಿರಾಕಿಗಳು ಓಡಾಡುವ ಜಾಗ, ಏಳಮ್ಮ' ಎಂದು ಡಬ್ಬಿಯನ್ನು ಕಾಲಿನಿಂದ ಸರಿಸಿದ. ಮುಚ್ಚಳ ಕಳಚಿ ಹಿಟ್ಟು ಚೆಲ್ಲಿತು. ಮದುವೆಯಾಗಿ ಬಂದಾಗಿನಿಂದ ಅದೇ ಜಾಗದಲ್ಲಿ ಜೋಳ ಬೀಸಿಸಿದ ಹೆಣ್ಣುಮಗಳು ಚೆಲ್ಲಿದ ಹಿಟ್ಟನ್ನು ಸೆರಗಿಗೆ ಬಳಿದುಕೊಂಡು ಮನೆಗೆ ಬಂದರು. ಆತ ಸಂಬಳಕ್ಕೆ ನಿಂತವನು, ಅವನ ಮೇಲೆ ಸಿಟ್ಟಿಲ್ಲ. ಸಿಟ್ಟು ನಿಮ್ಮ ಮೇಲೆ. ದೂರು ಹೇಳಲು ಬಂದಾಗ, ಗಿರಣಿಯ ಸದ್ದು, ಧೂಳು ಮೇಲಿನ ಮನೆಯವರಿಗೆ ಆಗಿಬರುವುದಿಲ್ಲ ಎಂದಿರಿ. ಹಿತ್ತಲಲ್ಲಿ ಜನರೇಟರಿಗೆ ಬೇರೆ ಕೋಣೆ ಕಟ್ಟಿದವರಿಗೆ ಗಿರಣಿಗೊಂದು ಕೋಣೆ ಕಟ್ಟುವುದು ಭಾರವಾಯಿತೇ?

ಕಾಯಿಪಲ್ಯೆಯವರ ವಿಷಯದಲ್ಲಿ ಕಾನೂನು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಸೊಪ್ಪಿನ ಬುಟ್ಟಿ ಹೊತ್ತು ಎದ್ದುಹೋದ ನಮ್ಮ ಪೇಟೆಯ ಹೆಂಗಸರನ್ನು ಯಾವ ಸಮಿತಿ ಕೇಳಿತು?

ಈಗ ಎರಡನೇ ಹಂತವೆಂದು ಉಳಿದರ್ಧ ಮಾರುಕಟ್ಟೆಯ ಗೋಡೆಗಳಿಗೂ ಕೆಂಪು ಗುರುತು ಬಿದ್ದಿದೆ. ಕಟ್ಟುವುದೇ ಬೇಡ ಎಂದು ನಾವು ಹೇಳುತ್ತಿಲ್ಲ. ಮಳೆ ಬಂದರೆ ಸೋರುವ ಆ ಚಾವಣಿಯ ಮೇಲೆ ನಮಗೇನೂ ಮೋಹವಿಲ್ಲ. ನೆಲಮಹಡಿಯನ್ನು ಹರಾಜಿಗಿಡುವ ಮುನ್ನ ಗಿರಣಿಗೆ, ನ್ಯಾಯಬೆಲೆ ಅಂಗಡಿಗೆ, ಕಾಯಿಪಲ್ಯೆಗೆ ಜಾಗ ತೆಗೆದಿಡಿ. ಅವರು ಕಟ್ಟಬಲ್ಲಷ್ಟೇ ಬಾಡಿಗೆ ಇಡಿ. ಅದನ್ನು ನಕ್ಷೆಯಲ್ಲಿ ಬರೆದು, ಆ ನಕ್ಷೆಯನ್ನು ಪೇಟೆಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ. ಬಾಯಿಮಾತಿನ ಭರವಸೆ ಒಮ್ಮೆ ಕೇಳಿದ್ದಾಗಿದೆ. ಗಿರಣಿಗೆ ಜಾಗ ಕೊಡುವವರೆಗೆ ನಮ್ಮ ಪೇಟೆಗೆ ಜೆಸಿಬಿ ತರಬೇಡಿ.

ಇಂತಿ,
ಕೋಟೆ ಬುಡದ ಹಳೆಯ ಪೇಟೆಯ ಒಬ್ಬ ಗೃಹಿಣಿ
ಬಳ್ಳಾರಿ