ಪ್ರಶ್ನಾವಳಿ ಕನ್ನಡಕ್ಕೆ ಬಂತು, ಎಲ್ಲರಿಗೂ ವಂದನೆ, ಅಕ್ಕನಿಗೆ ಇನ್ನಷ್ಟು

ಸ್ಟ್ರೋಕ್ ಇಂಪ್ಯಾಕ್ಟ್ ಸ್ಕೇಲ್‌ನ ನಮ್ಮ ಕನ್ನಡ ರೂಪಕ್ಕೆ ಈ ವಾರ ತಜ್ಞರ ಸಮಿತಿ ಒಪ್ಪಿಗೆ ನೀಡಿತು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಕೈಕಾಲಿನ ಬಲ, ಮಾತು, ನೆನಪು, ಮನಸ್ಸು, ಓಡಾಟ ಎಲ್ಲವನ್ನೂ ಅವರಿಂದಲೇ ಕೇಳಿ ತಿಳಿಯುವ 59 ಪ್ರಶ್ನೆಗಳಿವು. ಇವು ಕನ್ನಡಕ್ಕೆ ಬಂದ ಬಗೆಯನ್ನು ನಿಮ್ಮಲ್ಲಿ ಹೆಚ್ಚಿನವರು ಹತ್ತಿರದಿಂದ ನೋಡಿದ್ದೀರಿ, ಮತ್ತೆ ವಿವರಿಸುವುದಿಲ್ಲ.

ಮೊದಲ ಅನುವಾದ ಮಾಡಿದ ಇಬ್ಬರಿಗೆ, ಮೂಲವನ್ನು ನೋಡದೆಯೇ ಆ ಕನ್ನಡವನ್ನು ಮರಳಿ ಇಂಗ್ಲಿಷಿಗೆ ತಂದ ಇಬ್ಬರಿಗೆ, ಸಮಿತಿಯ ವೈದ್ಯರಿಗೆ ಮತ್ತು ಭಾಷಾತಜ್ಞರಿಗೆ, ಅಂಕಿಅಂಶ ನೋಡಿಕೊಟ್ಟ ಗೆಳೆಯನಿಗೆ, ಇಷ್ಟು ಕಾಲ ನನ್ನನ್ನು ಸಹಿಸಿಕೊಂಡ ಮನೆಯವರಿಗೆ ಮನಃಪೂರ್ವಕ ವಂದನೆಗಳು.

ಉಳಿದ ಮಾತೆಲ್ಲ ಒಬ್ಬರಿಗೆ ಮೀಸಲು. ಹೆಸರು ಹಾಕಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದಾರೆ. ವೃತ್ತಿಯಲ್ಲಿ ವಾಕ್ ಚಿಕಿತ್ಸಕಿ, ನಮ್ಮ ತಂಡಕ್ಕೆಲ್ಲ ಅಕ್ಕ.

ಮಾತು ಹೋದವರ ಪರವಾಗಿ ಮನೆಯವರು ಉತ್ತರಿಸುವುದು, ಇಲ್ಲವೇ ಅವರನ್ನು ಅಧ್ಯಯನದಿಂದಲೇ ಕೈಬಿಡುವುದು ಬಹಳ ಕಡೆ ನಡೆದು ಬಂದದ್ದು. ಅಕ್ಕ ಅದಕ್ಕೆ ಸುತರಾಂ ಒಪ್ಪಲಿಲ್ಲ. ನಡಿಗೆ, ಸ್ನಾನದಂಥ ಕಣ್ಣಿಗೆ ಕಾಣುವ ವಿಷಯಗಳಲ್ಲಿ ರೋಗಿಯ ಉತ್ತರಕ್ಕೂ ಮನೆಯವರ ಉತ್ತರಕ್ಕೂ ಸಾಕಷ್ಟು ತಾಳೆಯಾಗುತ್ತದೆ, ಮನಸ್ಸಿನ ವಿಷಯಕ್ಕೆ ಬಂದರೆ ಅಷ್ಟು ಆಗುವುದಿಲ್ಲ. "ಹೇಳಲು ಆಗದಿದ್ದರೇನು, ತೋರಿಸಲು ಆಗುತ್ತದಲ್ಲ" ಎಂದು ಅವರೇ ಹಾಳೆಗಳನ್ನು ಸಿದ್ಧಪಡಿಸಿದರು. ಹಾಳೆಗೆ ಒಂದೇ ಪ್ರಶ್ನೆ, ದಪ್ಪ ಅಕ್ಷರ, ಐದು ಉತ್ತರಗಳು ಒಂದರ ಕೆಳಗೊಂದು. ಪಾರ್ಶ್ವವಾಯುವಿನ ನಂತರ ಕೆಲವರ ಗಮನ ಒಂದು ಬದಿಗೆ ಹೋಗುವುದೇ ಇಲ್ಲ. ಉತ್ತರಗಳನ್ನು ಅಡ್ಡಸಾಲಿನಲ್ಲಿ ಬರೆದರೆ ಅರ್ಧ ಅವರ ಪಾಲಿಗೆ ಇಲ್ಲವೇ ಇಲ್ಲ.

ಪೂರ್ವಪರೀಕ್ಷೆಯಲ್ಲಿ ಮಾತು ಪೂರ್ತಿ ನಿಂತುಹೋಗಿದ್ದ ಹಿರಿಯರೊಬ್ಬರ ಮುಂದೆ ಈ ಹಾಳೆಗಳನ್ನು ತಿರುವುತ್ತಿದ್ದೆ. ಬೇರೆಯವರಿಗೆ ಹೊರೆಯಾಗಿದ್ದೇನೆ ಎಂದು ಕಳೆದ ವಾರ ಎಷ್ಟು ಬಾರಿ ಅನ್ನಿಸಿತು ಎಂಬ ಪ್ರಶ್ನೆ ಬಂತು. ಪಕ್ಕದಲ್ಲಿದ್ದ ಅವರ ಪತ್ನಿ, "ಇವರಿಗೆ ಅಂಥ ಯೋಚನೆಯೇ ಇಲ್ಲ" ಎಂದರು. ಹಿರಿಯರು ಎಡಗೈ ಎತ್ತಿ, ತೋರುಬೆರಳನ್ನು "ಯಾವಾಗಲೂ" ಎಂಬುದರ ಮೇಲೆ ಒತ್ತಿ ಹಿಡಿದರು. ಆ ತಾಯಿ ಎದ್ದು ಹೊರಗೆ ಹೋಗಿಬಿಟ್ಟರು.

ಆ ರಾತ್ರಿ ನನಗೆ ಈ ಕೆಲಸವೇ ಬೇಡವೆನಿಸಿತು. ಇಬ್ಬರೂ ಜೋಪಾನವಾಗಿ ಮುಚ್ಚಿಟ್ಟುಕೊಂಡಿದ್ದನ್ನು ಒಂದರಿಂದ ಐದರ ಅಂಕ ಹಿಡಿದುಕೊಂಡು ಹೋಗಿ ಕೆದಕಲು ನಾನು ಯಾರು? ಕಚೇರಿಯಲ್ಲಿ ಕೂತು ಅತ್ತೆ. ಅಕ್ಕ ಮನೆಗೆ ಹೋಗದೆ ಉಳಿದರು. ನನ್ನನ್ನು ಸಮಾಧಾನಪಡಿಸುವುದಕ್ಕೆ ಮೊದಲು ಅವರು ಮಾಡಿದ್ದು ಆ ತಾಯಿಗೆ ಫೋನ್. ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನನ್ನ ಮುಂದೆ ಬಿಳಿ ಹಾಳೆ ಇಟ್ಟು, "ಕೇಳಿದ್ದೇವೆ, ಇನ್ನು ಕೈಬಿಡುವಂತಿಲ್ಲ. ಬರೆ" ಎಂದರು. ಸಂದರ್ಶಕರು ಎಲ್ಲಿ ನಿಲ್ಲಿಸಬೇಕು, ಮುಂದುವರಿಸಲು ಮತ್ತೆ ಹೇಗೆ ಅನುಮತಿ ಕೇಳಬೇಕು, ಅಂಥ ಉತ್ತರ ಬಂದರೆ ಅದೇ ದಿನ ಆಪ್ತಸಮಾಲೋಚಕರ ಬಳಿಗೆ ಹೇಗೆ ಕಳುಹಿಸಬೇಕು ಎಂಬುದನ್ನೆಲ್ಲ ಬೆಳಗಾಗುವವರೆಗೆ ಬರೆದೆವು. ಇಂದು ಪ್ರಶ್ನಾವಳಿಯ ಕೈಪಿಡಿಯಲ್ಲಿ ನನಗೆ ಅತ್ಯಂತ ಹೆಮ್ಮೆಯ ಪುಟಗಳು ಅವೇ.

ಆ ದಂಪತಿ ಕೆಲವು ದಿನಗಳ ಬಳಿಕ ತಾವಾಗಿಯೇ ಬಂದು ಉಳಿದ ಪ್ರಶ್ನೆಗಳನ್ನು ಮುಗಿಸಿದರು. ಚೇತರಿಕೆಯನ್ನು 0ಯಿಂದ 100ರವರೆಗೆ ಗುರುತಿಸುವ ಕೊನೆಯ ಹಾಳೆಯಲ್ಲಿ ಅವರು 40ರ ಮೇಲೆ ಬೆರಳಿಟ್ಟರೆ, ಪತ್ನಿ 60 ಎಂದು ಪಟ್ಟು ಹಿಡಿದರು. ನಾವು ದಾಖಲಿಸಿದ್ದು 40. ಅವರಿಬ್ಬರಿಗೂ, ನಮ್ಮ ಪ್ರಶ್ನೆಗಳಿಗೆ ದಣಿವನ್ನು ಲೆಕ್ಕಿಸದೆ ಉತ್ತರಿಸಿದ ಪ್ರತಿಯೊಬ್ಬರಿಗೂ ನಾನು ಋಣಿ.

ಮುಂದಿನದು ವಿಶ್ವಾಸಾರ್ಹತೆಯ ಪರೀಕ್ಷೆ. ಅದೇ ವ್ಯಕ್ತಿಯನ್ನು ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿದಾಗ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ನೋಡಬೇಕು. ಮಾತು ಕಳೆದುಕೊಂಡವರು ಅದರಲ್ಲಿಯೂ ಇರುತ್ತಾರೆ. ಅಕ್ಕ, ಅದಕ್ಕೂ ನೀವೇ ಬರಬೇಕು. ಹಾಳೆಗಳನ್ನು ಈಗಾಗಲೇ ಅಚ್ಚಿಗೆ ಕೊಟ್ಟಿದ್ದೇನೆ.