ಎರಡನೇ ಸಲ ಬರೆಸ್ತೀರಾ ಅಂತ ಮೊದಲು ಕೇಳಿ

ಸಂಪಾದಕರಿಗೆ ನಮಸ್ಕಾರ,

ಚಿಕ್ಕ ಮಕ್ಕಳಿಗೆ ಕ್ರಿಯೇಟಿವ್ ರೈಟಿಂಗ್ ಕ್ಲಾಸು, ಹೈಸ್ಕೂಲ್ ಮಕ್ಕಳಿಗೆ ಅನಾಲಿಟಿಕಲ್ ರೈಟಿಂಗ್ ಕ್ಲಾಸು ಅಂತ ಈಗ ಆನ್‌ಲೈನಲ್ಲೇ ಬೇಕಾದಷ್ಟು ಶುರುವಾಗಿವೆ. ನಾನು ಎಂಟರಿಂದ ಹದಿನಾರು ವಯಸ್ಸಿನ ಮಕ್ಕಳಿಗೆ ಬರೆಯೋದು ಹೇಳಿಕೊಡೋಳು ಅಂತ ಗೊತ್ತಿರೋ ತಂದೆತಾಯಂದ್ರು ಆಗಾಗ ಫೋನ್ ಮಾಡಿ ಕೇಳ್ತಾರೆ, ಯಾವುದಕ್ಕೆ ಸೇರಿಸೋದು, ಎಷ್ಟನೇ ವಯಸ್ಸಿಗೆ ಸೇರಿಸೋದು, ಕಥೆ ಬರೆಯೋದು ಕಲಿತು ಏನಾಗ್ಬೇಕು ಮಾರ್ಕ್ಸ್ ಬರೋದು ಪ್ರಬಂಧಕ್ಕೆ ಅಲ್ವಾ ಅಂತ. ಅವರಿಗೆಲ್ಲ ನಾನು ಹೇಳೋದು ಒಂದೇ ಮಾತು, ಫೀಸು, ಸರ್ಟಿಫಿಕೇಟು, ಕೊನೇಲಿ ಪುಸ್ತಕ ಮಾಡಿಸಿಕೊಡ್ತಾರಾ ಅನ್ನೋದೆಲ್ಲ ಆಮೇಲೆ ಕೇಳಿ, ಮಗು ಒಂದು ಸಲ ಬರೆದಿದ್ದನ್ನ ಅಲ್ಲಿ ಇನ್ನೊಂದು ಸಲ ಬರೆಸ್ತಾರಾ ಅಂತ ಮೊದಲು ಕೇಳಿ.

ಇದನ್ನ ನಾನು ಕಷ್ಟಪಟ್ಟೇ ಕಲಿತಿದ್ದು. ಮೊದಲು ನಾನು ಪಾಠ ಮಾಡ್ತಿದ್ದ ಒಂದು ಕಡೆ ಪ್ರತಿ ಮಗುಗೂ ಒಂದು ಬುಕ್‌ಲೆಟ್ ಕೊಡ್ತಿದ್ರು, ಕಥೆ ಹೀಗೆ ಶುರು ಮಾಡಿ, ಬೆಳಗಿನ ವರ್ಣನೆಗೆ ಈ ಹತ್ತು ಪದ ಬಳಸಿ, ಕೊನೇಲಿ ನೀತಿ ಬರಲಿ, ಎಲ್ಲಾ ಅದರಲ್ಲೇ ಇರೋದು. ವಾರಕ್ಕೊಂದು ಟಾಪಿಕ್, ನಲವತ್ತು ನಿಮಿಷ, ಕೆಂಪು ಪೆನ್ನಲ್ಲಿ ಕಾಗುಣಿತ ಒತ್ತಕ್ಷರ ತಿದ್ದಿ ಒಂದು ಸ್ಟಾರ್ ಹಾಕೋದು, ಮುಂದಿನ ವಾರ ಬೇರೆ ಟಾಪಿಕ್. ನಾನೂ ಹಾಗೇ ಮಾಡ್ದೆ, ಮೂರ್ನಾಲ್ಕು ತಿಂಗಳು ಮಾಡ್ದೆ. ಆಮೇಲೆ ಒಂದಿನ ಎಲ್ಲಾ ಮಕ್ಕಳ ನೋಟ್‌ಬುಕ್ ಮುಂದಿಟ್ಕೊಂಡು ಕೂತಾಗ ಹೊಟ್ಟೆ ತೊಳೆಸಿದ ಹಾಗಾಯ್ತು, ಹೆಸರು ಮುಚ್ಚಿದ್ರೆ ಯಾವುದು ಯಾರದ್ದು ಅಂತ ಗೊತ್ತಾಗ್ತಿರ್ಲಿಲ್ಲ, ಎಲ್ಲರ ಆಕಾಶನೂ ಕೆಂಪು, ಎಲ್ಲರ ಹಕ್ಕಿನೂ ಚಿಲಿಪಿಲಿ. ತಪ್ಪು ಮಕ್ಕಳದ್ದಲ್ಲ, ಅಚ್ಚು ಕೊಟ್ಟೋರು ನಾವು.

ಆಮೇಲೆ ನಾನು ಬೇರೆ ಥರ ಮಾಡೋಕೆ ಶುರು ಮಾಡಿದಾಗ ಹತ್ತು ವರ್ಷದ ಒಬ್ಬ ಹುಡುಗ ಹೀಗೆ ಬರೆದ, "ನಮ್ಮ ತಾತ ತೀರಿಕೊಂಡರು. ಎಲ್ಲರಿಗೂ ತುಂಬಾ ದುಃಖ ಆಯಿತು. ತಾತ ತುಂಬಾ ಒಳ್ಳೆಯವರು." ಕಾಗುಣಿತ ಎಲ್ಲಾ ಸರಿ, ತಿದ್ದೋಕೆ ಏನೂ ಇರಲಿಲ್ಲ. ನಾನು ಪಕ್ಕ ಕೂತು, ಅವತ್ತು ರಾತ್ರಿ ಮನೇಲಿ ಏನೇನು ಶಬ್ದ ಕೇಳಿಸ್ತಿತ್ತು ಕಂದ ಅಂತ ಅಷ್ಟೇ ಕೇಳ್ದೆ. ಸುಮಾರು ಹೊತ್ತು ಸುಮ್ನಿದ್ದ. ಆಮೇಲೆ ಹೇಳ್ದ, ರಾತ್ರಿ ಎಂಟು ಗಂಟೆಗೆ ತಾತನ ಫೋನಲ್ಲಿ ಮಾತ್ರೆ ಅಲಾರಂ ಹೊಡೀತು, ಯಾರೂ ಆಫ್ ಮಾಡ್ಲಿಲ್ಲ, ಅದು ತಾನೇ ನಿಲ್ಲೋವರೆಗೂ ಎಲ್ರೂ ಅಲ್ಲೇ ನಿಂತಿದ್ರು ಅಂತ. ಅದನ್ನ ಬರಿ ಅಂದೆ. ಎರಡನೇ ಸಲ ಬರೆದಾಗ "ದುಃಖ" ಅನ್ನೋ ಪದಾನೇ ಬಿಟ್ಟಿದ್ದ, ನಾನು ಬಿಡು ಅಂದಿರ್ಲಿಲ್ಲ, ಅವನಿಗೇ ಬೇಡ ಅನ್ನಿಸ್ತಂತೆ.

ಇದು ಆ ಹುಡುಗ ಜಾಣ ಅಂತ ಆಗಿದ್ದಲ್ಲ. ಕಾರ್ಲ್ ಬೆರೈಟರ್, ಮಾರ್ಲೀನ್ ಸ್ಕಾರ್ಡಮೇಲಿಯಾ ಅನ್ನೋ ಸಂಶೋಧಕರು 1987ರಲ್ಲೇ ಇದನ್ನ ವಿವರವಾಗಿ ಬರೆದಿದಾರೆ, ಹೊಸದಾಗಿ ಬರೆಯೋರು ವಿಷಯ ಕೊಟ್ಟ ತಕ್ಷಣ ಗೊತ್ತಿರೋದನ್ನ ನೆನಪಾದ ಹಾಗೇ ಸಾಲಾಗಿ ಹೇಳ್ಕೊಂಡು ಹೋಗ್ತಾರೆ, ನೆನಪು ಖಾಲಿ ಆದಾಗ ನಿಲ್ಲಿಸ್ತಾರೆ, ಪಳಗಿದೋರು ಬರೀತಾ ಬರೀತಾ ತಮ್ಮ ಯೋಚನೆಯನ್ನೇ ಬದಲಾಯಿಸ್ಕೊಳ್ತಾರೆ ಅಂತ. ಅದಕ್ಕೂ ಮುಂಚೆ 1981ರಲ್ಲಿ ಲಿಂಡಾ ಫ್ಲವರ್, ಜಾನ್ ಹೇಯ್ಸ್ ಅನ್ನೋರು ಜನ ಬರೆಯುವಾಗ ಮನಸ್ಸಲ್ಲಿ ಓಡೋದನ್ನ ಬಾಯಿಬಿಟ್ಟು ಹೇಳಿಸಿ ನೋಡಿದ್ದನ್ನ ಇಟ್ಕೊಂಡು, ಯೋಚಿಸೋದು ಬರೆಯೋದು ತಿದ್ದೋದು ಒಂದಾದ ಮೇಲೊಂದು ನಡೆಯೋದಲ್ಲ, ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರೋ ಕೆಲಸ ಅಂತ ತೋರಿಸಿದ್ರು. ನಲವತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿಸಿಬಿಟ್ರೆ ಮಗು ಆ ಹಿಂದಕ್ಕೆ ಹೋಗೋದನ್ನ ಯಾವಾಗ ಕಲಿಯೋದು?

ಅನಾಲಿಟಿಕಲ್ ಅಂದ್ರೂ ಕಥೆ ಇದೇನೇ. ಹದಿನಾಲ್ಕು ವರ್ಷದ ಹುಡುಗಿ ಒಬ್ಬಳು ಮೊಬೈಲ್ ಮೇಲೆ ಪ್ರಬಂಧ ಬರೆದಿದ್ಲು, ಪೀಠಿಕೆ, ಅನುಕೂಲಗಳು, ಅನಾನುಕೂಲಗಳು, ಉಪಸಂಹಾರದಲ್ಲಿ "ಮಿತವಾಗಿ ಬಳಸಬೇಕು". ಇದನ್ನ ಓದಿ ಯಾರ ಮನಸ್ಸು ಬದಲಾಗ್ಬೇಕು ಅಂತ ಕೇಳ್ದೆ. ನಕ್ಕು, ನಮ್ಮಪ್ಪಂದು ಅಂದ್ಲು. ಸರಿ, ಅಪ್ಪಂಗೇ ಬರಿ, ಆದ್ರೆ ಅಪ್ಪ ಹೇಳೋ ಮಾತಲ್ಲಿ ನಿಂಗೆ ಉತ್ತರ ಕೊಡೋಕೆ ಆಗದೇ ಇರೋದು ಯಾವುದೋ ಅದನ್ನ ಮೊದಲು ಬರಿ, ಅವರು ಓದಿ ಹೌದು ನಾನು ಹೇಳಿದ್ದು ಇದೇ ಅನ್ನೋ ಥರ ಬರಿ ಅಂದೆ. ಆ ಒಂದು ಪ್ಯಾರಾಗೆ ಎರಡು ವಾರ ಹಿಡೀತು. ಬರೆಯೋಕೆ ಹೋದಾಗ ಅವಳಿಗೇ ಗೊತ್ತಾಗಿದ್ದು ಏನಂದ್ರೆ ಅಪ್ಪಂಗೆ ಮೊಬೈಲ್ ಮೇಲೆ ಕೋಪ ಇಲ್ಲ, ರೂಮಿನ ಬಾಗಿಲು ಹಾಕ್ಕೊಳ್ಳೋದರ ಮೇಲೆ ಭಯ ಅಂತ. ಅಲ್ಲಿಗೆ ಅವಳ ವಾದನೇ ಬೇರೆ ಆಯ್ತು, ಕೇಳ್ತಿದ್ದ ವಿಷಯನೂ ಬೇರೆ ಆಯ್ತು. ವಾದಕ್ಕೆ ಪುರಾವೆ ಬೇಕು, ಆ ಪುರಾವೆಯಿಂದ ಈ ಮಾತು ಹೇಗೆ ಬಂತು ಅಂತ ತೋರಿಸ್ಬೇಕು ಅನ್ನೋದೆಲ್ಲ ಆಮೇಲೆ ಸಲೀಸಾಗಿ ಕಲಿತ್ಲು. ಅದಕ್ಕೇ ಕಥೆ ಚಿಕ್ಕೋರಿಗೆ, ವಿಶ್ಲೇಷಣೆ ದೊಡ್ಡೋರಿಗೆ ಅಂತ ಗೆರೆ ಎಳೆಯೋದು ನನಗೆ ಒಪ್ಪಿಗೆ ಇಲ್ಲ. ಅಲಾರಂ ಕೇಳಿಸಿಕೊಂಡ ಕಿವೀನೇ ಅಪ್ಪನ ಭಯಾನೂ ಕೇಳಿಸಿಕೊಳ್ಳೋದು.

ವ್ಯಾಕರಣ ಬೇಡ್ವಾ ಅಂತ ಕೇಳ್ತಾರೆ. ಬೇಕು. ಆದ್ರೆ ಬರವಣಿಗೆಯಿಂದ ಕಿತ್ತು ಬೇರೆ ಮಾಡಿ ಅದನ್ನೇ ಡ್ರಿಲ್ ಮಾಡಿಸಿದ್ರೆ ಬರವಣಿಗೆ ಸುಧಾರಿಸಲ್ಲ. 2007ರಲ್ಲಿ ಸ್ಟೀವ್ ಗ್ರಹಾಂ, ಡೊಲೊರೆಸ್ ಪೆರಿನ್ ಅನ್ನೋರು 4ರಿಂದ 12ನೇ ಕ್ಲಾಸಿನ ಮಕ್ಕಳ ಮೇಲೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಉಪಯೋಗಕ್ಕೆ ಬರೋ 11 ವಿಧಾನ ಪಟ್ಟಿ ಮಾಡಿದ್ರು. ಪ್ಲಾನ್ ಮಾಡೋದು ತಿದ್ದೋದು ಹೇಗೆ ಅಂತ ಬಿಡಿಸಿ ಹೇಳಿಕೊಡೋದು, ಓದಿದ್ದನ್ನ ಸಾರಾಂಶ ಬರೆಸೋದು, ಮಕ್ಕಳು ಜೊತೆಯಾಗಿ ಕೂತು ಒಬ್ಬರದ್ದನ್ನ ಇನ್ನೊಬ್ಬರು ಓದಿ ತಿದ್ದೋದು, ಇವೆಲ್ಲ ಅದರಲ್ಲಿ ಮೇಲೆ ಇದ್ವು. ಬರೀ ವ್ಯಾಕರಣ ಪಾಠಕ್ಕೆ ಸಿಕ್ಕ ಫಲಿತಾಂಶ ಮೈನಸ್ ಇತ್ತು. ಚಿಕ್ಕ ಚಿಕ್ಕ ವಾಕ್ಯ ಕೊಟ್ಟು ಅದನ್ನ ಸೇರಿಸಿ ಒಂದು ಒಳ್ಳೆ ವಾಕ್ಯ ಮಾಡು ಅನ್ನೋ ಅಭ್ಯಾಸ ಆದ್ರೆ ಕೆಲಸ ಮಾಡುತ್ತೆ, ನಾನೂ ಅದನ್ನ ಮಾಡಿಸ್ತೀನಿ, ಮಕ್ಕಳಿಗೆ ಅದು ಆಟದ ಥರ.

ಇನ್ನು ಎಐ ವಿಷಯ. 2022ರ ನವೆಂಬರಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮೆಷಿನ್ನೇ ಬರೆದುಕೊಡುವಾಗ ಮಗು ಯಾಕೆ ಬರೀಬೇಕು ಅನ್ನೋ ಮಾತು ಜಾಸ್ತಿ ಆಗಿದೆ. ಪೀಠಿಕೆ ಉಪಸಂಹಾರ ಇರೋ ಪ್ರಬಂಧನ ಅದು ನಿಮಿಷದಲ್ಲಿ ಬರೆದುಕೊಡುತ್ತೆ ನಿಜ, ಆ ಅಚ್ಚಿನ ಬರವಣಿಗೆ ಕಲಿಸೋ ಕ್ಲಾಸಿಗೆ ದುಡ್ಡು ಕೊಡೋದು ಈಗ ಸುಮ್ನೆ ದಂಡ. ಆದ್ರೆ ಅಪ್ಪಂಗೆ ಭಯ ಇದೆ ಅಂತ ಆ ಹುಡುಗಿಗೆ ಗೊತ್ತಾಗಿದ್ದು ಆ ಎರಡು ವಾರ ಪೆನ್ನು ಹಿಡ್ಕೊಂಡು ಒದ್ದಾಡಿದ್ದಕ್ಕೆ. ಆ ಒದ್ದಾಟ ಮಗುಗೆ ತಪ್ಪಿಸಬೇಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ.

ಕ್ಲಾಸು ನಡೆಸೋರಿಗೂ ಒಂದು ಮಾತು, ನಲವತ್ತು ಐವತ್ತು ಮಕ್ಕಳ ಬ್ಯಾಚ್ ಮಾಡಿದ್ರೆ ಯಾರ ಪಕ್ಕದಲ್ಲೂ ಕೂರೋಕೆ ಆಗಲ್ಲ. ಟಾಪಿಕ್ ಕಡಿಮೆ ಮಾಡಿ, ತಿಂಗಳಿಗೆ ಒಂದೇ ಬರಹ ಆದ್ರೂ ಪರವಾಗಿಲ್ಲ, ಮೂರು ಸಲ ಬರೆಸಿ. ತಂದೆತಾಯಂದ್ರೇ, ಮಗು ಬರೆದಿದ್ದು ಓದಿದ ತಕ್ಷಣ ಇಲ್ಲಿ ಮಹಾಪ್ರಾಣ ಬರ್ಬೇಕು ಅಂತ ಶುರು ಮಾಡ್ಬೇಡಿ, ಆಮೇಲೆ ಏನಾಯ್ತು ಅಂತ ಕೇಳಿ.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ ಇದೆ. ಪತ್ರಿಕೆಗಳ ಮಕ್ಕಳ ಪುಟದಲ್ಲಿ ಬರೋದೆಲ್ಲ ತಿದ್ದಿ ತೀಡಿದ ಕೊನೇ ಪ್ರತಿ, ಅದನ್ನ ನೋಡಿದ ಮಕ್ಕಳು ಬರೆಯೋರಿಗೆ ಮೊದಲ ಸಲಾನೇ ಹೀಗೆ ಬಂದುಬಿಡುತ್ತೆ ಅಂದ್ಕೊಳ್ತಾರೆ, ನನಗೆ ಬರಲ್ಲ ಅಂತ ಬಿಟ್ಟೂಬಿಡ್ತಾರೆ. ತಿಂಗಳಿಗೆ ಒಂದು ಸಲ, ಒಂದೇ ಮಗುವಿನ ಮೊದಲ ಪ್ರತಿ ಮತ್ತೆ ಮೂರನೇ ಪ್ರತಿ ಎರಡನ್ನೂ ಅಕ್ಕಪಕ್ಕ ಹಾಕ್ತೀರಾ? ಹೊಡೆದು ಹಾಕಿದ ಸಾಲು, ಅಂಚಲ್ಲಿ ಬರೆದಿದ್ದು, ಎಲ್ಲಾ ಕಾಣೋ ಹಾಗೆ, ಮಗುವಿನ ಕೈಬರಹದಲ್ಲೇ.

ಇತಿ,
ಮಕ್ಕಳಿಗೆ ಬರವಣಿಗೆ ಹೇಳಿಕೊಡೋ ನಿಮ್ಮ ಓದುಗರಲ್ಲೊಬ್ಬಳು